ವೈನಿಯ ಪಂಗತಿಯಲ್ಲಿ ಕಡಲ್ಗುದುರೆ

ನೋಲೀನ್ ವೈನಿ ನಮ್ಮ ಓಣಿಗೆ ಬಂದಾಗ ಅವಳ ಜೊತೆ ಬಂದದ್ದು ನಾಲ್ಕು ಹಂಡೆ, ಇಡೀ ಕುರಿಯೊಂದು ಮಲಗುವಷ್ಟು ದೊಡ್ಡ ತಟ್ಟೆಬಾಣಲೆ, ಮತ್ತು ಕೆಲಸಕ್ಕೆ ಬಾರದ ಎರಡು ಮೊಣಕಾಲು. ವೈನಿ ಎಂಬುದು ಅವಳ ಮನೆತನದ ಹೆಸರು. ಟೇಮರ್ ನದಿಯ ಈ ದಂಡೆಯಲ್ಲಿ ಆ ಹೆಸರಿನವರು ಬೇಕಾದಷ್ಟಿದ್ದಾರೆ. ಅತ್ತಿಗೆಗೆ ವೈನಿ ಎನ್ನುವ ಧಾರವಾಡದ ಕಡೆಯಿಂದ ಬಂದು ಇಲ್ಲೇ ತಲೆ ನರೆಸಿಕೊಂಡ ನನಗೆ ಮಾತ್ರ ಅವಳು ಮೊದಲ ದಿನವೇ ಅತ್ತಿಗೆಯಾಗಿಬಿಟ್ಟಳು. ಯಾರನ್ನೂ ಮದುವೆಯಾಗದೆ ಹುಟ್ಟಿನಿಂದಲೇ ವೈನಿಯಾದವಳು ನಾನು ಕಂಡಂತೆ ಅವಳೊಬ್ಬಳೇ.

ಟಾಸ್ಮೇನಿಯಾದ ನಡುನಾಡಿನ ಕುರಿ ಶೆಡ್ಡುಗಳಲ್ಲಿ ಉಣ್ಣೆ ಕತ್ತರಿಸುವ ಗಂಡಸರಿಗೆ ಅಡುಗೆ ಮಾಡಿ ಹಾಕುವುದರಲ್ಲೇ ಅವಳ ಆಯುಷ್ಯ ಕಳೆದಿತ್ತು. ಆ ಕೆಲಸ ಸುಮ್ಮನೆ ಸಿಗುವಂಥದಲ್ಲ. ಅವಳ ಕಾಲದ ಶೆಡ್ಡುಗಳಲ್ಲಿ ಅಡುಗೆಯವರನ್ನು ಉಣ್ಣುವವರೇ ಕೈಯೆತ್ತಿ ಆರಿಸುತ್ತಿದ್ದರು. ಅಡುಗೆ ಸೇರದಿದ್ದರೆ ಅದೇ ಕೈಯೆತ್ತಿ ನಡುವೆಯೇ ಮನೆಗೆ ಕಳಿಸುತ್ತಿದ್ದರು. ಪ್ರಜಾಪ್ರಭುತ್ವ ಹುಟ್ಟಿದ್ದು ಹೊಟ್ಟೆಯಲ್ಲಿ ಎಂದು ನನಗೆ ಗೊತ್ತಾದದ್ದು ಇವಳಿಂದಲೇ. ನೋಲೀನಳನ್ನು ಯಾವ ಶೆಡ್ಡೂ ಯಾವತ್ತೂ ಕಳಿಸಿರಲಿಲ್ಲ. ಅವಳಲ್ಲಿ ಚಿನ್ನ ಇರಲಿಲ್ಲ, ಮನೆ ಬಾಡಿಗೆಯದು. ಇದ್ದ ಆಸ್ತಿಯೆಲ್ಲ ಈ ಒಂದು ಮಾತೇ.

ಅವಳ ಅಳತೆಯ ಸೂತ್ರವೂ ಒಂದೇ. ಪಾತ್ರೆ ಬರಿದಾಗಿ ಬಂದರೆ ಯಾರೋ ಒಬ್ಬ ಅರೆಹೊಟ್ಟೆಯಲ್ಲಿ ಎದ್ದಿದ್ದಾನೆ. ಒಂದು ತುಂಡಾದರೂ ಉಳಿದು ಬಂದರೆ ಎಲ್ಲರೂ ಉಂಡಿದ್ದಾರೆ. ಆದ್ದರಿಂದ ಉಳಿಯುವಷ್ಟು ಮಾಡಬೇಕು. ಉಳಿದದ್ದೇ ಅಡುಗೆಯವಳ ಮಾನ.

ಮೊಣಕಾಲು ಕೈಕೊಟ್ಟು ಅವಳು ಕೆಲಸ ಬಿಟ್ಟಾಗ, ಹಳೆಯ ತಂಡದವರು ಸೇರಿ ಒಂದು ಗಾಜಿನ ತೊಟ್ಟಿಯನ್ನೂ ಮೂರು ಕಡಲ್ಗುದುರೆಗಳನ್ನೂ ಕೊಡಿಸಿದರು. ಹೊತ್ತು ತಂದವನು ಕ್ಲೈವ್ ಡೇಝ್ಲಿ, ಒಂದು ಕಾಲಕ್ಕೆ ಶೆಡ್ಡಿನ ಎಲ್ಲರಿಗಿಂತ ಬೇಗ ಕುರಿ ಬೋಳಿಸುತ್ತಿದ್ದವನು, ಈಗ ತಾನೇ ಬೋಳಾಗಿರುವವನು. ಕುರಿ ಬಿಟ್ಟವಳಿಗೆ ಕುದುರೆ ಎಂದು ಅವರ ಲೆಕ್ಕ. ಹೆಸರುಗಳನ್ನೂ ಅವರೇ ಇಟ್ಟು ಕಳಿಸಿದ್ದರು. ಮುನ್ನುಗ್ಗುವ ಗಂಡು ರಿಂಗರ್ (ಶೆಡ್ಡಿನಲ್ಲಿ ಎಲ್ಲರಿಗಿಂತ ಬೇಗ ಬೋಳಿಸುವವನಿಗೆ ಅದೇ ಹೆಸರು), ಹಿಂದೆ ಸರಿಯುವ ಹೆಣ್ಣು ಡಾಟಿ, ಸದಾ ತಳ ಗುಡಿಸುತ್ತಿರುವಂತೆ ಕೆಳಗೇ ತೇಲುವ ಇನ್ನೊಂದು ಬ್ರೂಮಿ.

ಕುದುರೆ ಎಂದ ಮೇಲೆ ಹುರುಳಿ ಹಾಕಬೇಕು. ಆದರೆ ಇವುಗಳ ವಿಷಯದಲ್ಲಿ ಆ ಮಾತಿಗೆ ಹುರುಳಿಲ್ಲ. ಇವು ತಿನ್ನುವುದು ಅಕ್ಕಿಕಾಳಿಗಿಂತ ತುಸು ಉದ್ದದ ಸಿಗಡಿ, ಬರ್ಫದಲ್ಲಿ ಹೆಪ್ಪುಗಟ್ಟಿಸಿ ಮಾರುವಂಥದ್ದು. ನಮ್ಮ ನದೀಮುಖದ ಈ ಜಾತಿಗೆ ಜನ ಡೊಳ್ಳುಹೊಟ್ಟೆಯ ಕುದುರೆ ಎನ್ನುತ್ತಾರೆ. ಡೊಳ್ಳು ಇರುವುದು ನಿಜ, ಆದರೆ ಒಳಗೆ ಜಠರವೇ ಇಲ್ಲ. ತಿಂದದ್ದು ಒಂದು ಬಾಗಿಲಿಂದ ಬಂದು ಇನ್ನೊಂದು ಬಾಗಿಲಿಂದ ಹೋಗುತ್ತದೆ, ನಮ್ಮ ಸಂಬಳದ ಹಾಗೆ.

ಹಡಗುಕಟ್ಟೆಯ ಆಚೆಗಿನ ಫಾರ್ಮಿನಲ್ಲಿ ಇವುಗಳನ್ನು ಸಾಕಿ ಮಾರುವ ಟೀಗನ್ ಎಂಬ ಹುಡುಗಿ ಮೊದಲೇ ಎಲ್ಲವನ್ನೂ ಹೇಳಿದ್ದಳು. ಜಠರ ಇಲ್ಲದ್ದರಿಂದ ಸ್ವಲ್ಪ ಸ್ವಲ್ಪವೇ, ಆಗಾಗ ಹಾಕಬೇಕು. ತಿನ್ನದೆ ಬಿಟ್ಟದ್ದನ್ನು ಕೂಡಲೇ ತೆಗೆಯಬೇಕು. ಕೈ ಚಾಚಿ ಇಷ್ಟೇ ಇಷ್ಟು ಎಂದು ಚಿಟಿಕೆ ತೋರಿಸಿದ್ದಳು. ನೋಲೀನ್ ಆ ಚಿಟಿಕೆ ನೋಡಿ ನನ್ನ ಹತ್ತಿರ ಬಂದು ಗೊಣಗಿದಳು. ಇದು ಊಟವೋ, ಕೈ ತೊಳೆಯಲು ಕೊಟ್ಟ ನೀರೋ ಎಂದು ಅವಳ ಸಂಶಯ. ಇಷ್ಟು ಕೈ ಬಿಗಿ ಹಿಡಿದು ಬಡಿಸಿದ್ದರೆ ತನ್ನನ್ನು ಮೊದಲ ದಿನವೇ ಲಾರಿ ಹತ್ತಿಸುತ್ತಿದ್ದರು ಎಂದಳು.

ಹಾಗಾಗಿ ಅವಳು ಬಡಿಸಿದ್ದು ತನ್ನ ಸೂತ್ರದಂತೆ. ಬೆಳಿಗ್ಗೆ ಒಂದು ಹಿಡಿ, ಸಂಜೆ ಒಂದು ಹಿಡಿ, ತಳದಲ್ಲಿ ನಾಲ್ಕು ಸಿಗಡಿ ಉಳಿಯುವ ತನಕ. ಉಳಿದದ್ದನ್ನು ನೋಡಿ ನೆಮ್ಮದಿಯಿಂದ ಚಹಾ ಕುಡಿಯುತ್ತಿದ್ದಳು. ಶೆಡ್ಡಿನಲ್ಲಿ ಉಳಿದ ತುಂಡು ನಾಯಿಗೆ ಹೋಗುತ್ತಿತ್ತು. ತೊಟ್ಟಿಯಲ್ಲಿ ನಾಯಿ ಇರಲಿಲ್ಲ. ಉಳಿದದ್ದು ಅಲ್ಲೇ ಕೊಳೆಯಿತು. ಒಂದು ಭಾನುವಾರ ಬೆಳಿಗ್ಗೆ ಬ್ರೂಮಿ ಬಾಲದ ಹಿಡಿತ ಬಿಟ್ಟು ಮೂಲೆಯಲ್ಲಿ ಅಡ್ಡಬಿದ್ದಿತ್ತು.

ನೋಲೀನ್ ಯಾರ ಮೇಲೂ ತಪ್ಪು ಹಾಕಲಿಲ್ಲ. ತಾನೇ ಟೀಗನ್‌ಗೆ ಫೋನ್ ಮಾಡಿದಳು. ಟೀಗನ್ ಬಂದು ಗಾಜಿನ ಕೊಳವೆಯಲ್ಲಿ ತೊಟ್ಟಿಯ ನೀರು ತೆಗೆದು ಔಷಧದ ಹನಿ ಬಿಟ್ಟಳು. ಒಳ್ಳೆಯ ನೀರಾದರೆ ಹಳದಿಯಾಗಿಯೇ ಇರಬೇಕಂತೆ. ಇದು ನಮ್ಮ ಕಣ್ಣೆದುರೇ ಪಾಲಕ್ ಸೊಪ್ಪಿನ ಬಣ್ಣಕ್ಕೆ ತಿರುಗಿತು.

“ವೈನಿ, ನೀವು ಹಸಿವಿನಿಂದ ಕೊಂದಿಲ್ಲ, ಊಟ ಹಾಕಿ ಕೊಂದೀರಿ,” ಎಂದಳು ಟೀಗನ್. “ಈ ಶುಕ್ರವಾರ ಬಿಟ್ಟು ಮುಂದಿನ ಶುಕ್ರವಾರ ಬರ್ತೀನಿ. ನೀರು ಹಿಂಗ ಇದ್ದರ, ಇಲ್ಲಾ ಇವೆರಡು ಸೊರಗಿದ್ದರ, ಬಕೀಟಿನ್ಯಾಗ ಹಾಕ್ಕೊಂಡು ವಾಪಸ್ ಒಯ್ತೀನಿ. ಸಿಟ್ಟ ಮಾಡ್ಕೋಬ್ಯಾಡ್ರಿ.”

“ಸಿಟ್ಟ ಯಾಕ ತಂಗಿ, ನೀ ಹೇಳೋದು ಖರೇ ಐತಿ,” ಎಂದಳು ನೋಲೀನ್. “ಆದರ ನಾ ಯಾವ ಪಂಗತಿಯಿಂದಾನೂ ಎದ್ದು ಹೋದಾಕಿ ಅಲ್ಲ. ಶುಕ್ರವಾರ ಬಾ.”

ಆ ರಾತ್ರಿಯೇ ಅವಳು ಅರ್ಧ ನೀರು ಬದಲಾಯಿಸಿದಳು. ಕೆಟ್ಟ ಮೊಣಕಾಲಿನಲ್ಲಿ ಬಕೀಟು ಬಕೀಟಾಗಿ ಹೊತ್ತಳು, ನನ್ನನ್ನು ಮುಟ್ಟಗೊಡಲಿಲ್ಲ. ಮರುದಿನದಿಂದ ಟೀಗನ್ ತೋರಿಸಿದ್ದ ಚಿಟಿಕೆಯಷ್ಟೇ. ಆದರೆ ಹಾಕುತ್ತಿದ್ದದ್ದು ಹಳೆಯ ಅಭ್ಯಾಸದಂತೆ ಎರಡೇ ಸಲ, ಅದೂ ಎಲ್ಲವನ್ನೂ ಒಮ್ಮೆಗೇ. ನೀರು ಸುಧಾರಿಸಿತು, ಡಾಟಿ ಸೊರಗಿದಳು. ನೀರು ಸುತ್ತಿಸುವ ಯಂತ್ರ ಸಿಗಡಿಗಳನ್ನು ಅಲ್ಲಿಂದಿಲ್ಲಿಗೆ ಓಡಿಸುತ್ತಿತ್ತು. ರಿಂಗರ್ ಸಿಕ್ಕಿದ್ದನ್ನೆಲ್ಲ ಕಟಕ್ ಕಟಕ್ ಎಂದು ಹೀರುತ್ತಿದ್ದ. ಡಾಟಿಯೋ ಸೀರೆ ಅಂಗಡಿಯಲ್ಲಿ ಕೂತ ಹೆಂಗಸು. ಒಂದೊಂದು ಸಿಗಡಿಯನ್ನೂ ಮೇಲೆ ಕೆಳಗೆ ನೋಡಿ, ಮನಸ್ಸು ಮಾಡುವಷ್ಟರಲ್ಲಿ ಮಾಲು ಖಾಲಿ. ಡೊಳ್ಳಿದ್ದ ಜಾಗದಲ್ಲಿ ಈಗ ಹಳ್ಳ ಕಾಣುತ್ತಿತ್ತು.

ಹೆಚ್ಚು ಹಾಕಿದರೆ ನೀರು ಕೆಡುತ್ತದೆ, ಕಡಿಮೆ ಹಾಕಿದರೆ ಡಾಟಿ ಕೆಡುತ್ತಾಳೆ. ಶುಕ್ರವಾರ ಹತ್ತಿರ ಬರುತ್ತಿತ್ತು, ಕುದುರೆಗಳು ಮಾತ್ರ ಕುದುರುತ್ತಿರಲಿಲ್ಲ. ನೋಲೀನ್ ಚಿಟಿಕೆಗೆ ಅರ್ಧ ಚಿಟಿಕೆ ಸೇರಿಸಿದಳು. ಅದನ್ನೂ ರಿಂಗರನೇ ತಿಂದ. ಕಳೆದಳು, ಡಾಟಿಯದೇ ಕಳೆಯಿತು. ಕೂಡಿ ಕಳೆದು ಸಾಕಾಗಿ ಕೂತಿದ್ದಾಗ, ಎರಡನೆಯ ವಾರದ ಮಂಗಳವಾರ, ಕ್ಲೈವ್ ಕುದುರೆ ನೋಡಲು ಬಂದ. ಅವಳ ಫ್ರೂಟ್ ಕೇಕಿನ ದೊಡ್ಡ ಹೋಳನ್ನು ಮುಗಿಸಿ ಇನ್ನೊಂದಕ್ಕೆ ಕೈ ಹಾಕುತ್ತಾ ಅವಳ ಕಷ್ಟವನ್ನೆಲ್ಲ ಕೇಳಿದ. ರಿಂಗರ್ ಥೇಟು ತನ್ನ ಹಾಗೆ ಎಂದು ಹೆಮ್ಮೆಪಟ್ಟ. ಶೆಡ್ಡಿನ ಮೇಜಿನಲ್ಲೂ ತಾನು ಹೀಗೇ ಚಾಪ್ಸಿನ ತಟ್ಟೆ ಎಳೆದುಕೊಳ್ಳುತ್ತಿದ್ದೆ, ಪಕ್ಕದ ಸಣಕಲು ಲೆನ್ನಿಗೆ ಎಷ್ಟೋ ದಿನ ಎಲುಬೇ ಗತಿ ಎಂದ.

ನೋಲೀನಳ ಕೈಯಲ್ಲಿದ್ದ ಚಾಕು ನಿಂತಿತು.

“ಲೆನ್ನಿ ಹಸಕೊಂಡ ಏಳ್ತಿದ್ದನ?”

“ಎಷ್ಟ ಸಲ. ನಿನಗ ಗೊತ್ತಿರಲಿಲ್ಲೇನ ಅಕ್ಕಾ?”

“ಹೆಂಗ ಗೊತ್ತಾಗಬೇಕಲೇ. ಪಾತ್ರಿಯೊಳಗ ದಿನಾ ಉಳದು ಬರ್ತಿತ್ತಲ್ಲ.”

“ಉಳದದ್ದು ನಾ ಎಳಕೊಂಡು ತಿನ್ನಲಾರದ್ದು. ನೀ ಒಳಗ, ನಾವು ಹೊರಗ. ನಡುವ ಇಷ್ಟ ಅಗಲ ಕಿಂಡಿ,” ಎಂದು ಕ್ಲೈವ್ ಕೈಯಲ್ಲಿ ಕೇಕಿನಷ್ಟೇ ಅಗಲ ತೋರಿಸಿದ. “ನೀ ಪಾತ್ರಿ ನೋಡೀ, ನಮ್ಮ ಮಾರಿ ಎಲ್ಲಿ ನೋಡೀ?”

ಅವನು ಚೇಷ್ಟೆಗೇ ಹೇಳಿದ್ದು. ಹೇಳಿ, ಕೇಕು ಕಟ್ಟಿಸಿಕೊಂಡು ಹೋದ. ಇಷ್ಟು ವರ್ಷ ಅಷ್ಟು ಜನಕ್ಕೆ ಉಣಿಸಿದ್ದೇನೆ, ಒಬ್ಬನಾದರೂ ಉಣ್ಣುವುದನ್ನು ಕೂತು ನೋಡಿಲ್ಲ ಎಂದು ನೋಲೀನ್ ಆಮೇಲೆ ನನಗೆ ಹೇಳಿದಳು. ಲೆನ್ನಿಯ ವಿಳಾಸ ಗೊತ್ತಿದೆಯೇ ಎಂದು ಅವತ್ತೇ ಕ್ಲೈವ್‌ಗೆ ಫೋನ್ ಮಾಡಿ ಕೇಳಿದಳು ಕೂಡ. ಅವನೀಗ ನೂರಾ ಹತ್ತು ಕಿಲೋ ಇದ್ದಾನೆಂದು ಗೊತ್ತಾಗಿ ಅಷ್ಟಕ್ಕೆ ಬಿಟ್ಟಳು.

ಬುಧವಾರ ಬೆಳಿಗ್ಗೆ ನಾನು ಹೋದಾಗ ತೊಟ್ಟಿಯ ಎದುರು ಕುರ್ಚಿ ಬಿದ್ದಿತ್ತು. ಯಂತ್ರ ಬಂದ್. ತಳದಲ್ಲಿ ಸ್ಕ್ಯಾಲಪ್ ಎಂಬ ಕಡಲಜೀವಿಯ ಎರಡು ದೊಡ್ಡ ಚಿಪ್ಪುಗಳು, ಒಂದು ಈ ತುದಿಗೆ, ಒಂದು ಆ ತುದಿಗೆ. ನೋಲೀನಳ ಕೈಯಲ್ಲಿ ಮಾಂಸದ ಮೇಲೆ ರಸ ಸುರಿಯುವ ರಬ್ಬರು ಗುಂಡಿನ ಉದ್ದ ಕೊಳವೆ. ಅದರಿಂದ ರಿಂಗರನ ಚಿಪ್ಪಿಗೆ ಒಂದು ಸಿಗಡಿ ಬಿಟ್ಟು, ಅವನು ಅದರಲ್ಲಿ ಮಗ್ನನಾದಾಗ ಡಾಟಿಯ ಚಿಪ್ಪಿಗೆ ಒಂದು. ಅವಳು ನೋಡುವಷ್ಟು ನೋಡಲಿ ಎಂದು ಕಾಯುವುದು. ತಿಂದ ಮೇಲೆ ಇನ್ನೊಂದು.

ಹೊತ್ತನ್ನು ಅವಳು ಶೆಡ್ಡಿನಿಂದಲೇ ಎತ್ತಿಕೊಂಡಳು. ಅಲ್ಲಿ ಬೆಳಗಿನ ಊಟ, ಆಮೇಲೆ ಸ್ಮೋಕೋ, ಅಂದರೆ ಕತ್ತರಿ ಕೆಳಗಿಟ್ಟು ಚಹಾ ಕುಡಿಯುವ ಅರ್ಧ ತಾಸು. ಮಧ್ಯಾಹ್ನದ ಊಟ, ಮತ್ತೆ ಸ್ಮೋಕೋ, ಸಂಜೆಯ ಊಟ. ದಿನಕ್ಕೆ ಐದು ಸಲ ಗಂಟೆ, ಐದು ಸಲ ಬಡಿಸುವುದು. ಟೀಗನ್ ಹೇಳಿದ್ದ ‘ಆಗಾಗ’ ಎಂಬುದು ಇದೇ ಎಂದು ಅವಳಿಗೆ ಈಗ ಹೊಳೆಯಿತು. ಚಿಟಿಕೆ ಚಿಕ್ಕದೆಂದು ಬೈದಿದ್ದಳಲ್ಲ, ಅದು ಐದು ಸಲ ಹಾಕುವ ಚಿಟಿಕೆ.

ಇಷ್ಟಾದರೂ ಎಷ್ಟಕ್ಕೆ ನಿಲ್ಲಿಸಬೇಕೆಂಬ ಪ್ರಶ್ನೆ ಉಳಿದೇ ಇತ್ತು. ಅದಕ್ಕೇ ಕುರ್ಚಿ. ಕಡಲ್ಗುದುರೆಯ ಎರಡು ಕಣ್ಣು ಎರಡು ಕಡೆ ತಿರುಗುತ್ತವೆ. ಹಸಿದಿದ್ದಾಗ ರಿಂಗರನ ಎರಡೂ ಕಣ್ಣು ಸಿಗಡಿಯ ಮೇಲಿರುತ್ತಿದ್ದವು. ಸಾಕಾಗುತ್ತಾ ಬಂದಂತೆ ಒಂದು ಕಣ್ಣು ಸಿಗಡಿಯ ಮೇಲೆ, ಇನ್ನೊಂದು ನೋಲೀನಳ ಮೇಲೆ. ಅಲ್ಲಿಗೆ ಅವನ ಪಾಲು ಬಂದ್. ಡಾಟಿಗೆ ಸಾಕಾದರೆ ಚಿಪ್ಪಿನ ಪಕ್ಕದ ಕಡಲಹುಲ್ಲಿಗೆ ಸುತ್ತಿದ ಬಾಲ ಬಿಚ್ಚಿ, ಮೇಜಿನಿಂದ ಏಳುವ ಮುದುಕಿಯ ಹಾಗೆ ಮೆಲ್ಲಗೆ ಅತ್ತ ಹೋಗುತ್ತಿದ್ದಳು. ಚಿಪ್ಪಿನಲ್ಲಿ ಒಂದು ಉಳಿದರೆ ನೋಲೀನ್ ಅದನ್ನು ಕೂಡಲೇ ಕೊಳವೆಯಿಂದ ಹೀರಿ ತೆಗೆದು, ಯಾರಿಗೂ ಕಾಣದಂತೆ ನಾಚಿಕೊಳ್ಳುತ್ತಿದ್ದಳು. ಗುರುವಾರ ಸಂಜೆಯ ಹೊತ್ತಿಗೆ ಏನೂ ಉಳಿಯದಂತೆ ಬಡಿಸುವುದು ಅವಳ ಕೈಗೆ ಹತ್ತಿತು. ಆ ಬರಿದಾದ ಚಿಪ್ಪು ನೋಡಿ ನಾನು ಅಭಿನಂದಿಸಿದೆ. ಅವಳಿಗೆ ಒಳಗೊಳಗೇ ಸಂಕಟ. ಬರಿದಾದ ತಟ್ಟೆ ಎಂದರೆ ಹಸಿದ ಗಂಡಸು ಎಂದು ಮೈ ಇನ್ನೂ ಹೇಳುತ್ತಿತ್ತು. ಮೈಯ ಮಾತನ್ನು ಅವಳು ಕೇಳಲಿಲ್ಲ.

ಶುಕ್ರವಾರ ಟೀಗನ್ ಬಂದಳು. ಮಾತಿಗೆ ತಪ್ಪದೆ ಮುಚ್ಚಳದ ಬಕೀಟು ತಂದಿದ್ದಳು, ಫಾರ್ಮಿನ ತಣ್ಣನೆಯ ಕಡಲನೀರು ತುಂಬಿಸಿ. ಮೊದಲು ನೀರು ಪರೀಕ್ಷೆ. ಹನಿ ಬಿಟ್ಟು ಮೂವರೂ ಗಾಜಿನ ಕೊಳವೆಯನ್ನೇ ನೋಡಿದೆವು. ಹಳದಿ. ಒಂದಿಷ್ಟು ಹಸಿರಿನ ಸುಳಿವೂ ಇಲ್ಲ.

ಆಮೇಲೆ ಟೀಗನ್ ಬಗ್ಗಿ ಡಾಟಿಯ ಹೊಟ್ಟೆ ನೋಡಿದಳು. ಮುಖ ಸಣ್ಣದು ಮಾಡಿದಳು. ಎರಡು ದಿನದಲ್ಲಿ ಹಳ್ಳ ಅರ್ಧ ತುಂಬಿತ್ತು, ಪೂರ್ತಿ ಅಲ್ಲ. ರಿಂಗರ್ ಇಲ್ಲೇ ಇರಲಿ, ಇವಳನ್ನು ಮಾತ್ರ ಒಯ್ದು ನಾಲ್ಕು ದಿನ ಜೀವಂತ ಸಿಗಡಿ ತಿನ್ನಿಸಿ ನೋಡುತ್ತೇನೆ, ಬಡಕಲಾದವು ಒಮ್ಮೊಮ್ಮೆ ತಿನ್ನುವುದನ್ನೇ ಬಿಟ್ಟುಬಿಡುತ್ತವೆ ಎಂದು ಮೆಲ್ಲಗೆ ಹೇಳಿದಳು. ಹುಡುಗಿಯ ಮಾತಿನಲ್ಲಿ ತಪ್ಪಿರಲಿಲ್ಲ. ಬಕೀಟಿನ ಮುಚ್ಚಳವನ್ನೂ ತೆಗೆದಳು.

“ಈಗ ಸ್ಮೋಕೋ ಹೊತ್ತು,” ಎಂದಳು ನೋಲೀನ್. “ಗಂಟಿ ಆದ ಮ್ಯಾಲ ಯಾರನ್ನೂ ಮೇಜಿನಿಂದ ಎಬ್ಬಸಬಾರದು. ಅಕಿ ಉಂಡ ಮ್ಯಾಲ ಒಯ್ಯಿ. ಕುಂದರು.”

ಟೀಗನ್ ಕುರ್ಚಿಯ ತುದಿಯಲ್ಲಿ ಕೂತಳು. ನೋಲೀನ್ ಯಂತ್ರ ನಿಲ್ಲಿಸಿದಳು. ಮೊಣಕಾಲಿಗೆ ಎರಡು ದಿಂಬು ಇಟ್ಟು ನೆಲಕ್ಕೆ ಊರಿ, ತೊಟ್ಟಿಯ ಮಟ್ಟಕ್ಕೆ ಮುಖ ತಂದು, ಕೊಳವೆ ಇಳಿಸಿದಳು. ರಿಂಗರನಿಗೆ ಒಂದು. ಡಾಟಿಗೆ ಒಂದು. ಡಾಟಿ ಹುಲ್ಲಿಗೆ ಬಾಲ ಸುತ್ತಿ ನಿಂತು ನೋಡಿದಳು. ಇನ್ನೂ ನೋಡಿದಳು. ಟೀಗನ್ ಏನೋ ಹೇಳಲು ಬಾಯಿ ತೆರೆದಾಗ ನೋಲೀನ್ ತಿರುಗದೆಯೇ ಕೈಯೆತ್ತಿ ತಡೆದಳು. ಕಟಕ್. ಇನ್ನೊಂದು ಬಿದ್ದಿತು. ಈ ಸಲ ಅಷ್ಟು ಯೋಚನೆ ಇಲ್ಲ. ಕಟಕ್. ಮತ್ತೊಂದು, ಮತ್ತೊಂದು. ಟೀಗನ್ ಎಣಿಸುತ್ತಿದ್ದಳು, ಅವಳ ತುಟಿ ಅಲ್ಲಾಡುತ್ತಿತ್ತು. ಕೊನೆಗೆ ಡಾಟಿ ಬಾಲ ಬಿಚ್ಚಿಕೊಂಡು ಆಚೆ ಹೋದಾಗ ಎರಡು ಚಿಪ್ಪುಗಳಲ್ಲೂ ಏನೂ ಇರಲಿಲ್ಲ.

“ನಮ್ಮಲ್ಲಿ ಕೊಡೋದಕ್ಕಿಂತ ಎರಡ ಹೆಚ್ಚ ತಿಂದ್ಲು,” ಎಂದಳು ಟೀಗನ್. “ದಿನಾ ಇಷ್ಟ ಕೊಡ್ತೀರೇನು?”

“ದಿನಾ ಇಷ್ಟ ಅಂತ ಇಲ್ಲ. ಮುಂಜಾನೆ ಹೆಚ್ಚ ತಿಂದಳು, ಮಧ್ಯಾಹ್ನ ಇನ್ನೂ ಕಡಿಮಿ ತಿಂತಾಳೋ ಏನೋ. ನನ್ನ ಕೇಳಬ್ಯಾಡ, ಅಕಿನ್ನ ಕೇಳಬೇಕು. ದಿನಕ್ಕ ಐದ ಸಲ ಕೇಳ್ತೀನಿ.”

ಟೀಗನ್ ಸ್ವಲ್ಪ ಹೊತ್ತು ಡಾಟಿಯನ್ನೂ ಬಕೀಟನ್ನೂ ನೋಡಿದಳು. ಎದ್ದು ಮುಚ್ಚಳ ಎತ್ತಿಕೊಂಡಳು, ಆದರೆ ಬಕೀಟಿಗೆ ಹಾಕಲಿಲ್ಲ, ಕಂಕುಳಲ್ಲಿ ಸಿಕ್ಕಿಸಿಕೊಂಡಳು. ಎರಡು ವಾರ ಬಿಟ್ಟು ಬರುತ್ತೇನೆ, ಈ ನೀರು ಎಲ್ಲಿ ಚೆಲ್ಲಲಿ ಎಂದು ಕೇಳಿದಳು.

“ಛಲೋ ನೀರ ಯಾಕ ಚೆಲ್ತೀ,” ಎನ್ನುತ್ತಾ ನೋಲೀನ್ ತೊಟ್ಟಿಯ ಅಂಚು ಹಿಡಿದು ಎದ್ದಳು. “ನಾಳೆ ಹೆಂಗೂ ಬದಲ ಮಾಡಬೇಕು. ಇಲ್ಲೇ ಇಟ್ಟು ಹೋಗು.”