ಬೆಟ್ಟಮ್ಮ ದೊರೆಸಾನಿಗೆ ದೃಷ್ಟಿ ತೆಗೆದದ್ದು

ಚನ್ನರಾಯಪಟ್ಟಣದ ಆಸ್ಪತ್ರೆಯಲ್ಲಿ ಬೆಟ್ಟಮ್ಮ ಆಯಾ ಆಗಿದ್ದಳು. ರೋಗಿಗಳು ಡಾಕ್ಟರು ಪರಮಶಿವಯ್ಯನವರಿಗೆ ಹೆದರುತ್ತಿದ್ದರು. ಪರಮಶಿವಯ್ಯನವರು ಬೆಟ್ಟಮ್ಮನಿಗೆ ಹೆದರುತ್ತಿದ್ದರು. ಎಲೆಅಡಿಕೆ ತುಂಬಿದ ಬಾಯಲ್ಲಿ ಅವಳು ಬೈದರೆ ಸೊಂಟ ಹಿಡಿದವನೂ ಎದ್ದು ಕೂರುತ್ತಿದ್ದ.

೧೯೫೮ರಲ್ಲಿ ಜಿನನಾಥಪುರದ ಬಸದಿಯ ಶಿಲ್ಪಗಳ ಚಿತ್ರ ಬರೆಯಲು ಬಂದಿದ್ದ ಸ್ವೀಡನ್ ದೇಶದ ಹುಡುಗಿ ಟೈಫಾಯ್ಡ್ ಹಿಡಿದು ಮಲಗಿದಳು. ಗಾಡಿ ಕಟ್ಟಿ ಆಸ್ಪತ್ರೆಗೆ ತಂದರು. ಹೆತ್ತವರು ಸಮುದ್ರದಾಚೆ, ಜೊತೆಗೆ ನರಪಿಳ್ಳೆಯಿಲ್ಲ. "ನಿದ್ದೆ ಹತ್ತಿದರೆ ಉಳೀತಾಳೆ, ಇಲ್ಲದಿದ್ದರೆ ಕಷ್ಟ," ಅಂದರು ಡಾಕ್ಟರು.

ನಿದ್ದೆ ಎಲ್ಲಿಂದ ಹತ್ತಬೇಕು? ಕಾಯಿಲೆಯವರನ್ನು ನೋಡಿಕೊಂಡು ಬರದಿದ್ದರೆ ನಮ್ಮ ಜನಕ್ಕೆ ಗಂಟಲಲ್ಲಿ ಮುದ್ದೆ ಇಳಿಯುವುದಿಲ್ಲ. ಅದರಲ್ಲೂ ಇವಳು ದೊರೆಸಾನಿ! ಬಾಳೆಹಣ್ಣು, ಎಳನೀರು ಹಿಡಿದು ಊರಿಗೆ ಊರೇ ಬಂತು. ಮಂಚದ ಸುತ್ತ ನಿಂತು, ಇದೇ ಜ್ವರದಲ್ಲಿ ತಮ್ಮ ಕಡೆ ಯಾರ್ಯಾರು ಸತ್ತರೆಂದು ಅಚ್ಚಗನ್ನಡದಲ್ಲಿ ಅವಳಿಗೆ ಧೈರ್ಯ ಹೇಳಿದರು. ಜಮೀನ್ದಾರ ನಂಜಪ್ಪನವರಂತೂ ಕುರ್ಚಿ ಹಾಕಿಸಿಕೊಂಡು ಕೂತೇಬಿಟ್ಟರು. ಅವರನ್ನು ಎಬ್ಬಿಸುವ ಎದೆಗಾರಿಕೆ ಡಾಕ್ಟರಿಗಿರಲಿಲ್ಲ. ನೆನೆಸಿಕೊಂಡರೆ ನನಗೆ ಈಗಲೂ ಮೈ ಉರಿಯುತ್ತದೆ.

ಹುಡುಗಿ ರೆಪ್ಪೆ ಮುಚ್ಚದೆ ಬಡಬಡಿಸತೊಡಗಿದಳು.

"ಇದು ಬರೀ ಜ್ವರ ಅಲ್ಲ ಕಣ್ ಸಾ, ದಿಷ್ಟಿ," ಅಂದಳು ಬೆಟ್ಟಮ್ಮ. "ಇಷ್ಟು ಕಣ್ ಬಿದ್ರೆ ಎಮ್ಮೇನೂ ಮಕಾಡೆ ಮಲೀಕತ್ತದೆ."

ಡಾಕ್ಟರು ಬೇಡ ಅನ್ನುವಷ್ಟರಲ್ಲಿ ಅವಳು ಬಾಂಡ್ಲಿಯಲ್ಲಿ ಕೆಂಡ ತಂದು ನಂಜಪ್ಪನವರ ಕುರ್ಚಿಯ ಬುಡದಲ್ಲೇ ಇಟ್ಟಳು. ಉಪ್ಪು, ಒಣಮೆಣಸಿನಕಾಯಿ ಹಿಡಿದು ಹುಡುಗಿಗೆ ನಿವಾಳಿಸಿದಳು. "ನಾಯಿ ಕಣ್ಣು, ನರಿ ಕಣ್ಣು, ಹೋದೋರ್ ಕಣ್ಣು, ಬಂದೋರ್ ಕಣ್ಣು, ಈ ನಂಜಪ್ಪೋರ ಕಣ್ಣು, ಎಲ್ಲಾ ಸುಟ್ಟೋಗ್ಲಿ!" ಹುಡುಗಿಯ ಮುಖಕ್ಕೆ ಒದ್ದೆ ಬಟ್ಟೆ ಮುಚ್ಚಿ, ಮೆಣಸಿನಕಾಯನ್ನು ಕೆಂಡಕ್ಕೆ ಸುರಿದಳು.

ಆಮೇಲೇನು, ಘಾಟು! ಊರಿಗೆ ಊರೇ ಕೆಮ್ಮುತ್ತಾ ಸೀನುತ್ತಾ ಬೀದಿಗೆ ಬಿತ್ತು. ಎಲ್ಲರಿಗಿಂತ ಮುಂದೆ ಪಂಚೆ ಎತ್ತಿಕೊಂಡು ನಂಜಪ್ಪನವರು. ಬೆಟ್ಟಮ್ಮ ಕಿಟಕಿಗಳನ್ನೆಲ್ಲ ತೆರೆದು, ಬಾಂಡ್ಲಿಯನ್ನು ಹೊಸಿಲಾಚೆ ಇಟ್ಟು ಕಾವಲು ಕೂತಳು. ಮತ್ತೆ ಯಾರೂ ಆ ಕಡೆ ಸುಳಿಯಲಿಲ್ಲ. ಹುಡುಗಿ ಮರುದಿನ ಮಧ್ಯಾಹ್ನದವರೆಗೂ ಗೊರಕೆ ಹೊಡೆದಳು. ಜ್ವರ ಇಳಿಮುಖವಾಯಿತು.

ಡಾಕ್ಟರಿಗೆ ಖುಷಿಯಾಯಿತು, ಆದರೂ ಕೆಣಕದೆ ಬಿಡಲಿಲ್ಲ. "ಅಲ್ಲ ಬೆಟ್ಟಮ್ಮ, ನಮ್ಮಮ್ಮ ದೃಷ್ಟಿ ತೆಗೆಯುವಾಗ ತಾಯಿ ಕಣ್ಣನ್ನೂ ಸೇರಿಸಿ ಹೇಳುತ್ತಿದ್ದರು. ನೀನು ಅದನ್ನೇ ಮರೆತೆಯಲ್ಲ!"

"ಮರ್ತಿಲ್ಲ ಸಾ, ಬೇಕಂತ್ಲೇ ಬುಟ್ಟೆ," ಅಂದಳು ಬೆಟ್ಟಮ್ಮ. "ಅವ್ಳ ಅವ್ವ ಅದ್ಯಾವ್ದೋ ದೇಸದಲ್ಲಿ ಕುಂತು ದಾರಿ ನೋಡ್ತಾವ್ಳೆ. ಅದೊಂದು ಕಣ್ಣಾದ್ರೂ ಮಗೀನ ಮ್ಯಾಲೆ ಇರ್ಲಿ."