ಎಮ್ಮೆಯ ಬೆನ್ನ ಮೇಲಿನ ಕೈ

ಬ್ಯಾಕ್ಟೀರಿಯಾಗಳಿಗೆ ಮನೆತನ ಹುಡುಕುವುದು ನನ್ನ ಕೆಲಸ. ಧಾರವಾಡದ ಲ್ಯಾಬಿನಲ್ಲಿ ಕೂತು, ಪ್ರಾಣಿಗಳ ಚರ್ಮದ ಮೇಲೆ ಬದುಕುವ ಒಂದು ಕುಟುಂಬದೊಳಗೆ ಯಾವುದು ಯಾವ ಕುಲದ್ದು ಎಂದು ವಿಂಗಡಿಸುತ್ತ ನಾಲ್ಕು ವರ್ಷ ಕಳೆದಿದ್ದೆ. ಗಬ್ಬೂರಿನ ಎಮ್ಮೆಗಳಿಂದ ತಂದ ಒಂದು ಮಾತ್ರ ಯಾರ ಜೊತೆಗೂ ಸೇರಲಿಲ್ಲ. ಜೀನ್ ಓದಿಸಿದರೂ ಒಂಟಿಯಾಗಿಯೇ ನಿಂತಿತು. ಹೊಸ ಕುಲ! 'ಎಮ್ಮೆಯ ಚರ್ಮದ ಕಾಯಂ ನಿವಾಸಿ' ಎಂದು ಪ್ರಬಂಧದಲ್ಲಿ ಧೈರ್ಯವಾಗಿ ಬರೆದೆ. ನನ್ನ ಪಿಎಚ್‌ಡಿ ಪೂರ್ತಿ ಆ ಒಂದು ಸಾಲಿನ ಮೇಲೆ ನಿಂತಿತ್ತು.

ಪ್ರಬಂಧವನ್ನು ಸಂಶೋಧನಾ ಪತ್ರಿಕೆಗೆ ಕಳಿಸುವ ಮುಂಚೆ ಕೊನೆಯದೊಂದು ಸ್ಯಾಂಪಲ್ ಇರಲೆಂದು ಗಬ್ಬೂರಿಗೆ ಹೋದೆ. ಎಮ್ಮೆಗಳ ಒಡತಿಯನ್ನು ನಾನು ಅಕ್ಕಾ ಎನ್ನುತ್ತಿದ್ದೆ. ನಾನು ಹತ್ತಿ ಸುತ್ತಿದ ಕಡ್ಡಿ ತೆಗೆಯುತ್ತಿದ್ದಂತೆ ಅವಳು ಎಂದಿನಂತೆ ಎಮ್ಮೆಯ ಬೆನ್ನನ್ನು ಅಂಗೈಯಿಂದ ಗಸಗಸ ತಿಕ್ಕಿ, "ಹಿಂಗ ಕೈ ಆಡಿಸಿದ್ರ ಸುಮ್ಮನ ನಿಂದ್ರತೈತಿ. ಇಲ್ಲೇ ತಗೋಳವಾ," ಎಂದಳು.

ಕಡ್ಡಿ ಹಿಡಿದವಳು ಅವಳ ಕೈಯನ್ನೇ ನೋಡಿದೆ. ಎರಡು ವರ್ಷ ಪ್ರತಿಸಲವೂ ಹೀಗೇ ತಿಕ್ಕಿದ್ದಳು. ನಾನೂ ಅವಳ ಕೈ ಆಡಿದಲ್ಲೇ ಕಡ್ಡಿ ಆಡಿಸಿದ್ದೆ. ಹಾಗಾದರೆ ನನ್ನ ಹೊಸ ಕುಲ ಎಮ್ಮೆಯದೋ, ಅಕ್ಕನದೋ? ಇಷ್ಟು ಓದಿದವಳಿಗೆ ಅಷ್ಟೂ ತಿಳಿಯಬಾರದೇ?

ಅವಳ ಅಂಗೈಯ ಸ್ಯಾಂಪಲ್ ಕೇಳಿದೆ. ಅವಳ ಮುಖ ಸಣ್ಣದಾಯಿತು. ಸೆರಗಿಗೆ ಕೈ ಒರೆಸಿಕೊಂಡು, "ಹಿಂಡೂಕಿಂತ ಮೊದಲ ತಪ್ಪದ ಕೈ ತೊಳಕೋತೇನವಾ ನಾ," ಎಂದಳು. ಹಾಗಲ್ಲ ಎಂದು ಅವಳ ಅಂಗೈಗೆ ಕಡ್ಡಿ ಆಡಿಸಿಕೊಂಡೆ. ಬಿಡಿಸಿ ಹೇಳುವ ತಾಳ್ಮೆ ನನಗಿರಲಿಲ್ಲ. ಹಾಲು ಬತ್ತಿದ್ದ ಎಮ್ಮೆಯೊಂದನ್ನು ಕೈಗವಸು ಹಾಕಿಕೊಂಡು ನಾನೇ ಸೋಪಿನಿಂದ ತೊಳೆದು, "ನಾ ಹೇಳೂತನಕ ಇದಕ್ಕ ಯಾರೂ ಕೈ ಹಚ್ಚಬ್ಯಾಡ್ರಿ ಅಕ್ಕಾ," ಎಂದು ಬಂದೆ.

ಮೂರನೆಯ ದಿನ ಅದರ ಬೆನ್ನಿನ ಸ್ಯಾಂಪಲ್ ತಂದೆ. ಎರಡೂ ಸ್ಯಾಂಪಲ್‌ಗಳನ್ನು ಲ್ಯಾಬಿನ ಗಾಜಿನ ತಟ್ಟೆಗಳಲ್ಲಿ ಎರಡು ದಿನ ಬೆಳೆಯಲು ಬಿಟ್ಟೆ. ಕೊನೆಗೆ ತಟ್ಟೆ ತೆಗೆದರೆ ಎಮ್ಮೆಯದರಲ್ಲಿ ಬರೀ ಹಳೆಯ, ಗುರುತಿನ ಕುಲಗಳೇ ಬೆಳೆದಿದ್ದವು. ಅಕ್ಕನ ಅಂಗೈಯ ತಟ್ಟೆಯಲ್ಲಿ ನನ್ನ ಹೊಸ ಕುಲ ಬೆಳ್ಳಗೆ ತುಂಬಿಕೊಂಡಿತ್ತು.

ಎರಡೂ ತಟ್ಟೆ ಒಯ್ದು ಗೈಡ್ ಮುಂದಿಟ್ಟೆ. ಅವರು ತಟ್ಟೆ ನೋಡಿ, "ಹೊಸಾದು ಅಂತೂ ಖರೇನ ಐತಲ್ಲಾ, ಠಿಕಾಣಿ ಅಷ್ಟ ತಪ್ಪೇತಿ. ತಿದ್ದಿ ಲಗೂ ಕಳಿಸು," ಎಂದರು. ಬದುಕಿದೆ ಅನ್ನಿಸಿತು. ಎಮ್ಮೆ ಎಂದಿದ್ದಲ್ಲೆಲ್ಲ ಮನುಷ್ಯ ಎಂದು ಹಾಕಿ ಅಂದೇ ಕಳಿಸಿದೆ.

ಎರಡು ವಾರದ ಮೇಲೆ ಪತ್ರಿಕೆಯವರು ತಕರಾರು ತೆಗೆದರು. ಮನುಷ್ಯರ ಸ್ಯಾಂಪಲ್ ಆದ್ದರಿಂದ ಒಪ್ಪಿಗೆಯ ಸಹಿ ಬೇಕಂತೆ. ಮತ್ತೆ ಹೆದರಿಕೆ. ಅಕ್ಕ ಒಲ್ಲೆ ಅಂದರೆ? ಫಾರ್ಮ್ ಹಿಡಿದು ಗಬ್ಬೂರಿಗೆ ಓಡಿದೆ.

ನಾನು ತೊಳೆದು ಬಿಟ್ಟಿದ್ದ ಎಮ್ಮೆ ಗೂಟಕ್ಕೆ ಮೈ ತಿಕ್ಕುತ್ತ ಒದ್ದಾಡುತ್ತಿತ್ತು. ಅಕ್ಕ ಮಾರು ದೂರದಲ್ಲಿ ನಿಂತು, ಕೋಲಿಗೆ ಗೋಣಿಚೀಲ ಕಟ್ಟಿ ಅದರ ಬೆನ್ನು ಉಜ್ಜುತ್ತಿದ್ದಳು. ನನ್ನನ್ನು ಕಂಡವಳೇ ಕೋಲು ಇಳಿಸಿದಳು.

"ರಿಪೋರ್ಟ್ ಬಂತೇನವಾ? ನನ್ನ ಕೈಯಾಗ ಅಂಥಾದ್ದೇನೈತಿ? ಇನ್ನರ ಮುಟ್ಟಲೇನು?"

ರಿಪೋರ್ಟ್ ಬಂದು ಎರಡು ವಾರ ದಾಟಿತ್ತು. ಅವಳೊಬ್ಬಳನ್ನು ಬಿಟ್ಟು ಎಲ್ಲರಿಗೂ ಹೇಳಿದ್ದೆ.