ಪೀಟಿ ಮಾಸ್ತರರ ಎರಡನೆಯ ಇಸಿಜಿ

ಇಸಿಜಿ ತೆಗೆಯುವಾಗ ಎದೆಗೆ ಹಚ್ಚುವ ಜೆಲ್ಲಿಗೆ ಹೇಳಿಕೊಳ್ಳುವಂಥ ವಾಸನೆಯೇನೂ ಇಲ್ಲ. ಆದರೂ ಮೊನ್ನೆ ಹೊಸ ಬಾಟಲಿಯ ಮುಚ್ಚಳ ತೆಗೆದಾಗ ಆ ಸಪ್ಪೆ ವಾಸನೆ ಮೂಗಿಗೆ ಬಡಿದು ನಮ್ಮ ಪೀಟಿ ಮಾಸ್ತರರು ನೆನಪಾದರು...

ಮುರಗೋಡದ ಸಾಲೆಯಲ್ಲಿ ನನಗೆ ಖೋ-ಖೋ ಕಲಿಸಿದವರು ಅವರು. ಹುಡುಗಿ ಓಡಿದರೆ ಊರು ನಗುತ್ತದೆ ಎಂದು ಅಪ್ಪ ತಡೆದಾಗ, ಮನೆಗೇ ಬಂದು ಕಟ್ಟೆಯ ಮೇಲೆ ಕೂತವರು ಅಪ್ಪ ಹೂಂ ಅನ್ನುವತನಕ ಏಳಲಿಲ್ಲ. ಮುಂದೆ ನಾನು ಬೈಲಹೊಂಗಲದ ಆಸ್ಪತ್ರೆಯೊಂದರಲ್ಲಿ ಇಸಿಜಿ ತೆಗೆಯುವ ಕೆಲಸಕ್ಕೆ ಸೇರಿದೆ.

ಒಂದು ಮಧ್ಯಾಹ್ನ ಮಾಸ್ತರರು ಹೆಂಡತಿಯ ಹೆಗಲು ಹಿಡಿದುಕೊಂಡು ಅಲ್ಲಿಗೆ ಬಂದರು. ವಾರದ ಹಿಂದೆ ಜ್ವರ, ಮೈಕೈ ನೋವು, ಈಗ ಎದೆನೋವು. ಅಂಗಾತ ಮಲಗಿದರೆ ಹೆಚ್ಚು, ಮುಂದಕ್ಕೆ ಬಾಗಿ ಕೂತರೆ ತುಸು ಕಡಿಮೆ. ಕಾಗದ ಹೊರಬರುತ್ತಿದ್ದಂತೆ ಗೆರೆಗಳು ಏರಿದ್ದು ಕಂಡು, ಅದನ್ನು ಹರಿದುಕೊಂಡು ಡಾಕ್ಟರ ಬಳಿಗೆ ಓಡಿದೆ.

ಡಾಕ್ಟರು ಬಹಳ ಹೊತ್ತು ನೋಡಿದರು. "ಹಾರ್ಟ್ ಅಟ್ಯಾಕ್ ಆಗಿದ್ರ ಹೃದಯದ ಒಂದು ಭಾಗದಾಗ ಗೆರಿ ಏರತಿತ್ತು. ಇಲ್ಲಿ ಹೆಚ್ಚೂಕಡಿಮಿ ಎಲ್ಲಾ ಕಡೆ ಏರೇದ. ವೈರಸ್ ಜ್ವರದಿಂದ ಹೃದಯಕ್ಕ ಬಾವು ಬಂದಂಗ ಕಾಣತದ," ಎಂದು ಬೆಳಗಾವಿಗೆ ಕಳಿಸಿದರು. ಅಲ್ಲಿನ ಪರೀಕ್ಷೆಗಳೂ ಅದನ್ನೇ ಹೇಳಿದವು.

ತಿಂಗಳಾದ ಮೇಲೆ ಒಬ್ಬರೇ ಬಂದರು. ಮತ್ತೆ ಇಸಿಜಿ ತೆಗೆದೆ. ಗೆರೆಗಳೆಲ್ಲ ತಮ್ಮ ಜಾಗಕ್ಕೆ ಇಳಿದಿದ್ದವು.

"ಹೆಂಗೈತವಾ?"

"ಭಾಳ ಚಂದ ಬಂದೈತ್ರಿ ಸರ್. ಏನೂ ಇಲ್ರಿ," ಎಂದುಬಿಟ್ಟೆ. ಅಷ್ಟು ಖುಷಿಯಾಗಿತ್ತು ನನಗೆ.

ಆಮೇಲೆ ಡಾಕ್ಟರು ಹೇಳಿದ್ದು ಬೇರೆ. "ಗೆರಿ ಇಳದದ, ಖರೆ. ಒಳಗಿನ ಬಾವು ಪೂರಾ ಆರೇದ ಅಂತ ಅಲ್ಲ. ಆರು ತಿಂಗಳ ಓಡೂದು, ಆಡೂದು ಬ್ಯಾಡ್ರಿ."

ಮಾಸ್ತರರು ತಲೆಯಾಡಿಸಿದರು. ಹೊರಗೆ ಬಂದು, "ಡಾಕ್ಟರ್ ಸುಮ್ನ ಅಂಜಸತಾರ. ನೀ ಹೇಳೀದಿ, ಸಾಕು," ಎಂದು ನಕ್ಕರು. ನಾನೂ ನಕ್ಕೆ... ಗುರುಗಳಿಗೆ ಎದುರಾಡುವುದು ಹೇಗೆ?

ಅದಾಗಿ ಇಪ್ಪತ್ತು ದಿನವಾಗಿರಬೇಕು. ತಾಲೂಕು ಪಂದ್ಯ ಹತ್ತಿರ ಬಂತೆಂದು ಬೆಳಿಗ್ಗೆ ಹುಡುಗಿಯರೊಂದಿಗೆ ಓಡಲು ಇಳಿದವರು ಎರಡನೆಯ ಸುತ್ತಿನಲ್ಲಿ ಕುಸಿದರು. ಆಸ್ಪತ್ರೆಗೆ ತಂದಾಗ ವೈರು ಹಚ್ಚಿದವಳು ನಾನೇ. ಈ ಸಲ ಗೆರೆ ಏಳಲೇ ಇಲ್ಲ.

ಈಗ ಅವರ ಹೆಂಡತಿ ಬಿ.ಪಿ. ತೋರಿಸಲು ನಮ್ಮಲ್ಲಿಗೇ ಬರುತ್ತಾರೆ. "ಅವರಿಗೆ ನಿನ್ನ ಮ್ಯಾಲ ಭಾಳ ಹೆಮ್ಮಿ ಇತ್ತು ನೋಡವಾ," ಎಂದು ನನ್ನ ಕೈ ಹಿಡಿಯುತ್ತಾರೆ. ಆ ದಿನ ನಾನು ಹೇಳಿದ್ದ ಮಾತು ಅವರಿಗೆ ಗೊತ್ತಿಲ್ಲ. ಪ್ರತಿ ಸಲವೂ ಹೇಳಿಬಿಡಬೇಕೆಂದು ಬಾಯಿ ತೆರೆಯುತ್ತೇನೆ. "ಕುಂದರ್ರಿ, ಚಹಾ ತರಸ್ತೇನಿ," ಅನ್ನುತ್ತೇನೆ.